ಗೇಟು ದೊಡ್ಡದಾಯಿತು, ಕೆರೆ ಅಷ್ಟೇ ಉಳಿಯಿತು

2023ರ ನವೆಂಬರಿನಲ್ಲಿ ಜಪಾನಿನ ಇಂಧನ ಕಂಪನಿಯೊಂದು ಪನಾಮಾ ಕಾಲುವೆಯಲ್ಲಿ ತನ್ನ ಹಡಗಿಗೆ ಒಂದು ಸರದಿ ಗಿಟ್ಟಿಸಿಕೊಳ್ಳಲು ಹರಾಜಿನಲ್ಲಿ ಹೆಚ್ಚುಕಡಿಮೆ 40 ಲಕ್ಷ ಡಾಲರ್ ಕೂಗಿತು. ಕಾಲುವೆ ದಾಟುವ ಸುಂಕ ಇದರಲ್ಲಿ ಸೇರಿಲ್ಲ, ಅದನ್ನು ಬೇರೆಯೇ ಕಟ್ಟಬೇಕು. ಈ ಹಣವೆಲ್ಲ ಕಾಯುವುದನ್ನು ತಪ್ಪಿಸಿಕೊಳ್ಳಲು ತೆತ್ತ ಬೆಲೆ. ಅದಕ್ಕೆ ಮೂರು ತಿಂಗಳು ಮೊದಲು, ಆಗಸ್ಟಿನಲ್ಲಿ, ಕಾಲುವೆಯ ಎರಡೂ ಬಾಯಿಗಳಲ್ಲಿ ಒಟ್ಟು 160ಕ್ಕೂ ಹೆಚ್ಚು ಹಡಗುಗಳು ಲಂಗರು ಹಾಕಿ ಕಾದಿದ್ದವು. ಯಾವ ಯುದ್ಧವೂ ನಡೆದಿರಲಿಲ್ಲ, ಯಾವ ಹಡಗೂ ಅಡ್ಡಬಿದ್ದಿರಲಿಲ್ಲ, ಕಾಲುವೆಯ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಏಳು ವರ್ಷದ ಹಿಂದಷ್ಟೇ, 2016ರ ಜೂನ್ 26ರಂದು, ಸುಮಾರು 525 ಕೋಟಿ ಡಾಲರ್ ಖರ್ಚಿನಲ್ಲಿ ಇದೇ ಕಾಲುವೆಯನ್ನು ವಿಸ್ತರಿಸಿ ಉದ್ಘಾಟಿಸಲಾಗಿತ್ತು. ಇನ್ನು ದೊಡ್ಡ ಹಡಗುಗಳಿಗೂ ದಾರಿ ಸಲೀಸು ಎಂದು ಜಗತ್ತಿಗೆ ಸಾರಲಾಗಿತ್ತು. ಹಾಗಿದ್ದರೆ ಕೆಟ್ಟದ್ದು ಏನು? ಮಳೆ ಕೈಕೊಟ್ಟಿತ್ತು, ಅಷ್ಟೇ. ಈ ಒಂದು ಮಾತನ್ನು ಸರಿಯಾಗಿ ಬಿಡಿಸಿ ನೋಡಿದರೆ ಪನಾಮಾ ವಿಸ್ತರಣೆಯ ಗೆಲುವು ಎಲ್ಲಿ, ಎಡವಿದ್ದು ಎಲ್ಲಿ ಎರಡೂ ತಿಳಿಯುತ್ತವೆ. ಪನಾಮಾದಂಥ ಕಾಲುವೆಯ ನಿಜವಾದ ಅಳತೆ ಗೇಟಿನ ಅಗಲವಲ್ಲ, ಅದರ ಹಿಂದಿರುವ ಕೆರೆಯ ನೀರು. 2016ರ ವಿಸ್ತರಣೆ ಮೊದಲನೆಯದನ್ನು ಹಿಗ್ಗಿಸಿತು, ಎರಡನೆಯದನ್ನು ಮುಂದಕ್ಕೆ ದೂಡಿತು. ಹಾಗೆ ದೂಡಿದ ಲೆಕ್ಕ ಈಗ ಒಂದು ನದಿ ಕಣಿವೆಯ ರೈತರ ಮನೆ ಬಾಗಿಲಿಗೆ ಬಂದು ನಿಂತಿದೆ.

ಪನಾಮಾ ಕಾಲುವೆ ಎಂದೊಡನೆ ಎರಡು ಸಾಗರಗಳ ನಡುವೆ ತೋಡಿದ ಉದ್ದನೆಯ ಹಳ್ಳ, ಅದರಲ್ಲಿ ಈ ಸಮುದ್ರದ ನೀರು ಆ ಸಮುದ್ರಕ್ಕೆ ಹರಿಯುತ್ತದೆ ಎಂಬ ಚಿತ್ರ ಹಲವರ ಮನಸ್ಸಿನಲ್ಲಿದೆ. ಸೂಯೆಜ್ ಕಾಲುವೆ ಹಾಗಿರುವುದು ನಿಜ. ಅದನ್ನು ತೋಡಿಸಿದ ಫ್ರಾನ್ಸಿನ ಫರ್ಡಿನಾಂಡ್ ದ ಲೆಸೆಪ್ಸ್ ಪನಾಮಾದಲ್ಲೂ ಅದನ್ನೇ ಮಾಡಹೊರಟ. 1881ರಲ್ಲಿ ಶುರುವಾದ ಆ ಸಾಹಸ ಹಳದಿ ಜ್ವರ, ಮಲೇರಿಯಾ, ಕುಸಿಯುವ ಗುಡ್ಡ ಮತ್ತು ದಿವಾಳಿತನಕ್ಕೆ ಸಿಕ್ಕಿ 1889ಕ್ಕೆ ನಿಂತುಹೋಯಿತು. ಸುಮಾರು 22 ಸಾವಿರ ಜನ ಸತ್ತರೆಂಬ ಅಂದಾಜಿದೆ. ಆಮೇಲೆ ಬಂದ ಅಮೆರಿಕನ್ನರು 1906ರಲ್ಲಿ ಬೇರೊಂದು ತೀರ್ಮಾನಕ್ಕೆ ಬಂದರು. ಗುಡ್ಡವನ್ನು ಸಮುದ್ರಮಟ್ಟದವರೆಗೆ ಕಡಿಯುವ ಗೋಜಿಗೆ ಹೋಗದೆ ಹಡಗನ್ನೇ ಗುಡ್ಡದ ಎತ್ತರಕ್ಕೆ ಏರಿಸೋಣ ಎಂಬುದು ಅದು. ಚಾಗ್ರೆಸ್ ನದಿಗೆ ಗಾಟುನ್ ಎಂಬಲ್ಲಿ ಅಣೆಕಟ್ಟು ಕಟ್ಟಿದರು. ಸಮುದ್ರಮಟ್ಟದಿಂದ 26 ಮೀಟರ್ ಮೇಲೆ 400 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದ ಕೆರೆಯೊಂದು ತುಂಬಿಕೊಂಡಿತು. ಅದರ ಅಡಿಯಲ್ಲಿ ಗೊರ್ಗೊನಾದಂಥ ಊರುಗಳು ಹೋದವು. ಹಡಗು ಒಂದು ಸಮುದ್ರದಿಂದ ಮೂರು ಮೆಟ್ಟಿಲು ಏರಿ ಈ ಕೆರೆಗೆ ಬರುತ್ತದೆ, ಕೆರೆಯನ್ನು ದಾಟುತ್ತದೆ, ಮತ್ತೆ ಮೂರು ಮೆಟ್ಟಿಲು ಇಳಿದು ಇನ್ನೊಂದು ಸಮುದ್ರಕ್ಕೆ ಸೇರುತ್ತದೆ. ಈ ಮೆಟ್ಟಿಲುಗಳೇ ಲಾಕ್‌ಗಳು. ಅಂದರೆ ಎರಡು ಕಡೆಯೂ ಗೇಟಿರುವ ಕಾಂಕ್ರೀಟಿನ ತೊಟ್ಟಿಗಳು. ತೊಟ್ಟಿಗೆ ನೀರು ಬಿಟ್ಟರೆ ಹಡಗು ಏರುತ್ತದೆ, ನೀರು ತೆಗೆದರೆ ಇಳಿಯುತ್ತದೆ. ಪಂಪಿಲ್ಲ, ಮೋಟಾರಿಲ್ಲ, ಮೇಲಿನ ನೀರು ತಾನಾಗಿ ಕೆಳಕ್ಕೆ ಹರಿದು ಲಕ್ಷ ಟನ್ನಿನ ಹಡಗನ್ನು ಎತ್ತುತ್ತದೆ. ನೂರಹತ್ತು ವರ್ಷ ಕಳೆದರೂ ಈ ಸರಳತೆಗೆ ತಲೆದೂಗದೆ ಇರಲಾಗದು. ಆದರೆ ಹಾಗೆ ಹರಿದ ನೀರು ವಾಪಸು ಬರುವುದಿಲ್ಲ, ಸಮುದ್ರ ಸೇರುತ್ತದೆ. ಹಳೆಯ ಲಾಕ್‌ಗಳಲ್ಲಿ ಒಂದು ಹಡಗು ಈ ತುದಿಯಿಂದ ಆ ತುದಿಗೆ ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಹೋಯಿತೆಂದೇ ಲೆಕ್ಕ. ದಿನಕ್ಕೆ 36 ಹಡಗು ದಾಟಿದರೆ 700 ಕೋಟಿ ಲೀಟರಿಗೂ ಮೇಲಾಯಿತು. ಕುಡಿಯುವ ನೀರಿನ ಯೋಜನೆಯ ಐದನೇ ಹಂತವೂ ಸೇರಿ ಬೆಂಗಳೂರಿಗೆ ದಿನಕ್ಕೆ ಹರಿಯಬಲ್ಲ ಕಾವೇರಿ ನೀರಿನ ಮೂರು ಪಟ್ಟು ಅದು. ಪನಾಮಾ ಸಿಟಿ ಮತ್ತು ಕೊಲೊನ್ ನಗರಗಳು, ಅಂದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನ, ಕುಡಿಯುವುದೂ ಇದೇ ಕೆರೆ ಮತ್ತು ಅದರ ಮೇಲ್ಭಾಗದಲ್ಲಿ 1935ರಲ್ಲಿ ಕಟ್ಟಿದ ಅಲಾಹುವೆಲಾ ಜಲಾಶಯದ ನೀರನ್ನೇ.

1914ರ ಆಗಸ್ಟ್ 15ರಂದು ಕಾಲುವೆ ತೆರೆದಾಗ 33.5 ಮೀಟರ್ ಅಗಲ, 305 ಮೀಟರ್ ಉದ್ದದ ಆ ತೊಟ್ಟಿಗಳು ರಾಕ್ಷಸಾಕಾರವಾಗಿ ಕಂಡಿದ್ದವು. ಇನ್ನು ಶತಮಾನಕ್ಕೆ ಸಾಕು ಅಂದುಕೊಂಡವರ ಎಣಿಕೆ ಪೂರ್ತಿ ತಪ್ಪೂ ಆಗಲಿಲ್ಲ. ಹಡಗು ಕಟ್ಟುವವರೇ ಕಾಲುವೆಗೆ ತಕ್ಕಂತೆ ಮೈ ಬಿಗಿಹಿಡಿದರು. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಅಯೋವಾ ವರ್ಗದ ಯುದ್ಧನೌಕೆಗಳ ಅಗಲವನ್ನು ಈ ತೊಟ್ಟಿಗೆ ಹಿಡಿಯುವಷ್ಟಕ್ಕೇ ನಿಲ್ಲಿಸಲಾಗಿತ್ತು. ಅದಕ್ಕೂ ದೊಡ್ಡ ಯುದ್ಧನೌಕೆಗಳ ಆಲೋಚನೆ ಬಂದಾಗ 1939ರಲ್ಲಿ ಮೂರನೇ ಸಾಲಿನ ಲಾಕ್‌ಗಳಿಗೆ ಅಮೆರಿಕ ಮಂಜೂರಾತಿ ಕೊಟ್ಟಿತು, ಅಗೆತವೂ ಶುರುವಾಯಿತು. ಯುದ್ಧದ ಗಡಿಬಿಡಿಯಲ್ಲಿ 1942ರಲ್ಲಿ ಅದು ನಿಂತಿತು. ಅಂದು ಅಗೆದು ಬಿಟ್ಟ ಹೊಂಡಗಳು 65 ವರ್ಷಗಳ ನಂತರ ಉಪಯೋಗಕ್ಕೆ ಬಂದವು ಎಂಬುದು ಬೇರೆ ಮಾತು. ವ್ಯಾಪಾರಿ ಹಡಗುಗಳೂ ಅಷ್ಟೇ, ‘ಪನಾಮ್ಯಾಕ್ಸ್’ ಎಂಬ ಅಳತೆಗೆ ಒಗ್ಗಿಕೊಂಡವು. 294 ಮೀಟರ್ ಉದ್ದ, 32 ಮೀಟರ್ ಅಗಲ, ನೀರೊಳಗೆ 12 ಮೀಟರ್ ಆಳ, ಐದು ಸಾವಿರದ ಆಸುಪಾಸಿನ ಕಂಟೇನರ್. ಆದರೆ 1988ರ ಹೊತ್ತಿಗೆ ಹಡಗು ಕಂಪನಿಗಳು ಈ ಅಂಗಿಯನ್ನು ಹರಿದುಕೊಂಡು ಹೊರಬಂದವು. ಪನಾಮಾಕ್ಕೆ ಹಿಡಿಯದಿದ್ದರೂ ಪರವಾಗಿಲ್ಲ, ಪೆಸಿಫಿಕ್ ಸಾಗರದಲ್ಲೇ ಓಡಾಡಿಕೊಂಡಿದ್ದರೆ ಲಾಭವಿದೆ ಎಂಬ ಲೆಕ್ಕದಲ್ಲಿ ಅಗಲವಾದ ಕಂಟೇನರ್ ಹಡಗುಗಳು ನೀರಿಗಿಳಿದವು. ಏಷ್ಯಾದ ಸರಕನ್ನು ಕ್ಯಾಲಿಫೋರ್ನಿಯಾದಲ್ಲಿ ಇಳಿಸಿ ಅಲ್ಲಿಂದ ರೈಲಿನಲ್ಲಿ ಪೂರ್ವಕ್ಕೆ ಕಳಿಸುವ ದಾರಿ ಒಂದು ಕಡೆ, ಸೂಯೆಜ್ ಮೂಲಕ ಸುತ್ತಿ ನ್ಯೂಯಾರ್ಕ್ ಸೇರುವ ದಾರಿ ಇನ್ನೊಂದು ಕಡೆ. ನಡುವೆ ಪನಾಮಾ ಮೂಲೆಗುಂಪಾಗುವ ಭಯ ನಿಜವಾಗಿಯೂ ಇತ್ತು. 1999ರ ಡಿಸೆಂಬರ್ 31ಕ್ಕೆ ಅಮೆರಿಕದಿಂದ ಕಾಲುವೆಯನ್ನು ವಹಿಸಿಕೊಂಡ ಪುಟ್ಟ ದೇಶಕ್ಕೆ ಅದೇ ದೊಡ್ಡ ಆಸ್ತಿ. ಅದು ಹಳತಾಗುವುದನ್ನು ಕೈಕಟ್ಟಿ ನೋಡಲು ಆಗುತ್ತಿರಲಿಲ್ಲ.

ಆದ್ದರಿಂದ ವಿಸ್ತರಣೆಯೇ ತಪ್ಪು ಎಂದು ವಾದಿಸುವವರ ಜೊತೆ ನನಗೆ ಸಹಮತವಿಲ್ಲ. 2006ರ ಏಪ್ರಿಲಿನಲ್ಲಿ ಅಧ್ಯಕ್ಷ ಮಾರ್ಟಿನ್ ಟೊರಿಹೊಸ್ ಯೋಜನೆಯನ್ನು ಮಂಡಿಸಿದರು. ಕಾಲುವೆಯನ್ನು ಅಮೆರಿಕದಿಂದ ಬಿಡಿಸಿಕೊಳ್ಳುವ 1977ರ ಒಪ್ಪಂದಕ್ಕೆ ಸಹಿ ಹಾಕಿದ ಒಮರ್ ಟೊರಿಹೊಸ್ ಅವರ ಮಗ ಇವರು. ಅದೇ ಅಕ್ಟೋಬರ್ 22ರಂದು ಜನಮತಗಣನೆ ನಡೆಯಿತು, ಮತ ಹಾಕಿದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಹೌದು ಎಂದರು. ಇಷ್ಟು ದೊಡ್ಡ ಕಾಮಗಾರಿಗೆ ಮೊದಲು ಜನರನ್ನು ಕೇಳಿದ ಸರ್ಕಾರಗಳು ಜಗತ್ತಿನಲ್ಲಿ ಎಷ್ಟಿವೆ? ಆ ಮೆಚ್ಚುಗೆ ಸಲ್ಲಲೇಬೇಕು. ಆದರೆ ಜನರ ಮುಂದಿಟ್ಟ ಪ್ರಸ್ತಾವದಲ್ಲಿ ಒಂದು ಭರವಸೆ ಇತ್ತು, ಅದನ್ನು ಗಮನಿಸಬೇಕು. ಈ ಯೋಜನೆಗೆ ಹೊಸ ಜಲಾಶಯ ಬೇಕಿಲ್ಲ ಎಂಬುದೇ ಆ ಭರವಸೆ. ಅದು ಸುಮ್ಮನೆ ಬಂದ ಮಾತಲ್ಲ. 1999ರ ಕಾನೂನೊಂದು ಕಾಲುವೆಯ ಜಲಾನಯನ ಪ್ರದೇಶವನ್ನು ಪಶ್ಚಿಮದ ರಿಯೊ ಇಂಡಿಯೊ ಮುಂತಾದ ನದಿಗಳವರೆಗೆ ಹಿಗ್ಗಿಸಿತ್ತು. ಅಲ್ಲಿ ಅಣೆಕಟ್ಟು ಬರುತ್ತದೆಂದು ರೈತರು ಸಂಘಟಿತರಾಗಿ ಎದ್ದುನಿಂತಿದ್ದರು. ಜನಮತಗಣನೆಯ ವರ್ಷ, 2006ರಲ್ಲೇ ಆ ಕಾನೂನನ್ನು ರದ್ದು ಮಾಡಲಾಯಿತು. ಹಾಗಾಗಿ ಮತ ಹಾಕಿದವರು ಒಪ್ಪಿದ್ದು ಬರೀ ವಿಸ್ತರಣೆಯನ್ನಲ್ಲ, ಯಾರನ್ನೂ ಮುಳುಗಿಸದ ವಿಸ್ತರಣೆಯನ್ನು.

ಹೊಸ ಜಲಾಶಯವಿಲ್ಲದೆ ದೊಡ್ಡ ಹಡಗನ್ನು ಏರಿಸುವುದು ಹೇಗೆ? ಇದಕ್ಕೆ ಎಂಜಿನಿಯರುಗಳು ಕೊಟ್ಟ ಉತ್ತರ ನಿಜಕ್ಕೂ ಸೊಗಸಾದದ್ದು. ಹೊಸ ಲಾಕ್‌ಗಳ ತೊಟ್ಟಿ 427 ಮೀಟರ್ ಉದ್ದ, 55 ಮೀಟರ್ ಅಗಲ, 18.3 ಮೀಟರ್ ಆಳ. ಹಳೆಯದಕ್ಕೆ ಹೋಲಿಸಿದರೆ ಹರವು ಎರಡು ಪಟ್ಟಿಗೂ ಹೆಚ್ಚು. ಸುಮ್ಮನೆ ತುಂಬಿ ಸುಮ್ಮನೆ ಬಿಟ್ಟರೆ ಕೆರೆ ಬರಿದಾಗುತ್ತದೆ. ಅದಕ್ಕಾಗಿ ಪ್ರತಿ ತೊಟ್ಟಿಯ ಪಕ್ಕದಲ್ಲಿ ಒಂದಕ್ಕಿಂತ ಒಂದು ತಗ್ಗಿನಲ್ಲಿರುವ ಮೂರು ಕೊಳಗಳನ್ನು ಕಟ್ಟಿದರು. ಅಟ್ಲಾಂಟಿಕ್ ಕಡೆಯ ಅಗುವಾ ಕ್ಲಾರಾದಲ್ಲಿ ಒಂಬತ್ತು, ಪೆಸಿಫಿಕ್ ಕಡೆಯ ಕೊಕೊಲಿಯಲ್ಲಿ ಒಂಬತ್ತು, ಒಟ್ಟು ಹದಿನೆಂಟು ಕೊಳ. ಹಡಗನ್ನು ಇಳಿಸುವಾಗ ತೊಟ್ಟಿಯಿಂದ ತೆಗೆಯಬೇಕಾದ ನೀರನ್ನು ಮನಸ್ಸಿನಲ್ಲೇ ಐದು ಪದರವಾಗಿ ವಿಂಗಡಿಸಿ ನೋಡಿ. ಮೇಲಿನ ಪದರ ಎತ್ತರದ ಕೊಳಕ್ಕೆ ಹರಿಯುತ್ತದೆ, ಎರಡನೆಯದು ನಡುವಿನ ಕೊಳಕ್ಕೆ, ಮೂರನೆಯದು ತಗ್ಗಿನ ಕೊಳಕ್ಕೆ. ಉಳಿದ ಎರಡು ಪದರ ಮಾತ್ರ ಕೆಳಗೆ ಸಮುದ್ರದ ಕಡೆಗೆ ಹೋಗುತ್ತದೆ. ಮತ್ತೆ ತೊಟ್ಟಿ ತುಂಬುವಾಗ ಮೊದಲು ತಗ್ಗಿನ ಕೊಳ, ಆಮೇಲೆ ನಡುವಿನದು, ಆಮೇಲೆ ಎತ್ತರದ್ದು ತಮ್ಮಲ್ಲಿರುವುದನ್ನು ವಾಪಸು ಕೊಡುತ್ತವೆ. ಕೊನೆಯ ಎರಡು ಪದರಕ್ಕೆ ಮಾತ್ರ ಕೆರೆಗೆ ಕೈಯೊಡ್ಡಬೇಕು. ಐದರಲ್ಲಿ ಮೂರು, ಅಂದರೆ ನೂರಕ್ಕೆ 60ರಷ್ಟು ನೀರು ಮತ್ತೆ ಬಳಕೆಗೆ ಬಂತು. ಇಲ್ಲೂ ಪಂಪಿಲ್ಲ. ಇದರಿಂದ ಮೂರು ಪಟ್ಟು ಸರಕು ಹೊರುವ ಹಡಗು ಹಳೆಯ ಲಾಕ್‌ಗಿಂತ ಶೇ 7ರಷ್ಟು ಕಡಿಮೆ ನೀರಿನಲ್ಲಿ ದಾಟುವಂತಾಯಿತು. ಗೇಟುಗಳೂ ಬೇರೆ ಮಾದರಿಯವು. ಹಳೆಯವು ಮನೆಬಾಗಿಲಿನ ಎರಡು ಕದದ ಹಾಗೆ ತೆರೆದುಕೊಂಡರೆ, ಇಟಲಿಯಲ್ಲಿ ತಯಾರಾಗಿ ಸಮುದ್ರ ದಾಟಿ ಬಂದ ಈ ಹದಿನಾರು ಉಕ್ಕಿನ ಗೇಟುಗಳು ಪಕ್ಕದ ಗೂಡಿನೊಳಕ್ಕೆ ಸರಿಯುತ್ತವೆ. ಅತಿ ಭಾರದ್ದು ನಾಲ್ಕು ಸಾವಿರ ಟನ್ ಮೀರುತ್ತದೆ. ಹಳೆಯ ಲಾಕ್‌ಗಳಲ್ಲಿ ಹಳಿಯ ಮೇಲೆ ಓಡುವ ಪುಟ್ಟ ಎಂಜಿನ್ನುಗಳು ಹಡಗನ್ನು ಎರಡೂ ಕಡೆಯಿಂದ ಹಗ್ಗದಲ್ಲಿ ಹಿಡಿದಿರುತ್ತವೆ. ಹೊಸದರಲ್ಲಿ ಹಡಗಿನ ಹಿಂದೊಂದು ಮುಂದೊಂದು ಟಗ್‌ಬೋಟು ತೊಟ್ಟಿಯೊಳಗೇ ಬಂದು ಅದನ್ನು ಗೋಡೆಗೆ ಉಜ್ಜದಂತೆ ಕಾಯಬೇಕು.

ಕಟ್ಟುವಾಗಿನ ರಾಮಾಯಣವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಸ್ಪೇನ್, ಇಟಲಿ, ಬೆಲ್ಜಿಯಂ ಮತ್ತು ಪನಾಮಾದ ಕಂಪನಿಗಳ ಕೂಟವೊಂದು ಸುಮಾರು 312 ಕೋಟಿ ಡಾಲರಿಗೆ ಟೆಂಡರ್ ಹಿಡಿಯಿತು, ಅಮೆರಿಕದ ಸ್ಪರ್ಧಿ ಹೇಳಿದ್ದಕ್ಕಿಂತ ನೂರು ಕೋಟಿಗೂ ಕಡಿಮೆಗೆ. ಅಗ್ಗದ ಟೆಂಡರಿನ ಕಥೆ ಎಲ್ಲ ದೇಶದಲ್ಲೂ ಒಂದೇ. 2014ರ ಆರಂಭದಲ್ಲಿ ಹೆಚ್ಚುವರಿ 160 ಕೋಟಿ ಡಾಲರಿನ ಜಗಳದಲ್ಲಿ ಕೆಲಸ ನಿಂತಿತು, 2015ರಲ್ಲಿ ಕೊಕೊಲಿಯ ಕಾಂಕ್ರೀಟು ಬಿರುಕುಬಿಟ್ಟು ನೀರು ಸೋರಿತು. ಶತಮಾನೋತ್ಸವಕ್ಕೆ ತೆರೆಯಬೇಕಿದ್ದ ದಾರಿ ಎರಡು ವರ್ಷ ತಡವಾಗಿ ತೆರೆಯಿತು.

ತೆರೆದ ಮೇಲೆ ಫಲ ಬಂತು, ಅದನ್ನು ಮರೆಮಾಚುವುದು ನ್ಯಾಯವಲ್ಲ. 366 ಮೀಟರ್ ಉದ್ದದ, ಹದಿಮೂರು ಹದಿನಾಲ್ಕು ಸಾವಿರ ಕಂಟೇನರಿನ ಹಡಗುಗಳು ದಾಟತೊಡಗಿದವು. ಯಾರೂ ಅಷ್ಟಾಗಿ ನೆಚ್ಚಿಕೊಂಡಿರದ ಇನ್ನೊಂದು ಗಿರಾಕಿಯೂ ಬಂತು, ಅದು ಅನಿಲ. ಯೋಜನೆ ರೂಪಿಸುವ ಹೊತ್ತಿಗೆ ಅಮೆರಿಕ ಅನಿಲ ಆಮದು ಮಾಡಿಕೊಳ್ಳುವ ದೇಶ. ಕಾಲುವೆ ತೆರೆಯುವ ಹೊತ್ತಿಗೆ ಟೆಕ್ಸಾಸ್, ಲೂಸಿಯಾನಾದ ಅನಿಲ ಜಪಾನ್, ಕೊರಿಯಾ, ಚೀನಾಕ್ಕೆ ಹೊರಟು ನಿಂತಿತ್ತು. ಹಳೆಯ ತೊಟ್ಟಿಗೆ ಹಿಡಿಯದಿದ್ದ ಅನಿಲದ ಹಡಗುಗಳಿಗೆ ಹೊಸದು ಸರಿಯಾಗಿ ಒದಗಿಬಂತು. ಅಮೆರಿಕದ ಪೂರ್ವ ಕರಾವಳಿಯ ಬಂದರುಗಳು ಈ ಹಡಗುಗಳಿಗಾಗಿ ತಳ ಆಳ ಮಾಡಿಕೊಂಡವು. ನ್ಯೂಯಾರ್ಕ್ ಬಂದರಿನ ದಾರಿಯಲ್ಲಿದ್ದ ಬಯೋನ್ ಸೇತುವೆಯ ರಸ್ತೆಯನ್ನೇ ಇಪ್ಪತ್ತು ಮೀಟರಿನಷ್ಟು ಮೇಲಕ್ಕೆತ್ತಿದರು. ಒಂದು ದೇಶ ಗೇಟು ಅಗಲ ಮಾಡಿದರೆ ಸಾವಿರಾರು ಕಿಲೋಮೀಟರ್ ಆಚೆಯ ಊರುಗಳ ಖರ್ಚಿನ ಪಟ್ಟಿ ಬದಲಾಗುತ್ತದೆ. ಆದರೂ ಹಡಗಿನ ಬೆನ್ನಟ್ಟಿ ಗೆದ್ದೆವೆಂದು ಹೇಳುವಂತಿಲ್ಲ. ಈಗಿನ ಅತಿ ದೊಡ್ಡ ಕಂಟೇನರ್ ಹಡಗುಗಳು 400 ಮೀಟರ್ ಉದ್ದ, 61 ಮೀಟರ್ ಅಗಲ. ಅವು 55 ಮೀಟರಿನ ಹೊಸ ತೊಟ್ಟಿಗೂ ಹಿಡಿಯುವುದಿಲ್ಲ.

ಇನ್ನು ನೀರಿನ ಲೆಕ್ಕಕ್ಕೆ ಬರೋಣ. ಹೊಸ ಲಾಕ್ ಒಂದು ಹಡಗಿಗೆ ಶೇ 7ರಷ್ಟು ಕಡಿಮೆ ನೀರು ಬಳಸುತ್ತದೆ ಎಂಬ ಮಾತು ಖರೆ. ಆದರೆ ಹೊಸದು ಬಂದಿತೆಂದು ಹಳೆಯದನ್ನು ಮುಚ್ಚಲಿಲ್ಲ. ಹಳೆಯ ಎರಡು ಸಾಲು ಹಾಗೇ ಇದ್ದು, ಅದರ ಪಕ್ಕದಲ್ಲಿ ಮೂರನೆಯದು ಸೇರಿಕೊಂಡಿತು. ಮಾಮೂಲಿ ದಿನ ದಾಟುವ ಸುಮಾರು 36 ಹಡಗುಗಳಲ್ಲಿ ಹತ್ತರಷ್ಟು ಹೊಸ ದಾರಿಯವು, ಉಳಿದವು ಹಳೆಯದರವು. ತಲಾವಾರು ಉಳಿತಾಯ ಮಾಡಿ ತಲೆಗಳನ್ನು ಹೆಚ್ಚಿಸಿದರೆ ಒಟ್ಟು ಖರ್ಚು ಇಳಿಯುವುದಿಲ್ಲ. ಈ ಹೆಚ್ಚಿನ ಹೊರೆಗೆ ಯೋಜನೆ ಮಾಡಿಕೊಂಡ ಏರ್ಪಾಡು ಎರಡೇ. ಗಾಟುನ್ ಕೆರೆಯ ಗರಿಷ್ಠ ಮಟ್ಟವನ್ನು 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ ಏರಿಸುವುದು ಒಂದು. ಹಡಗಿನ ದಾರಿಯ ತಳವನ್ನು ಆಳ ಮಾಡಿ ಕೆರೆ ಇನ್ನಷ್ಟು ಇಳಿದರೂ ಹಡಗು ತೇಲುವಂತೆ ಮಾಡುವುದು ಇನ್ನೊಂದು. ಇವೆರಡರಿಂದ ವರ್ಷಕ್ಕೆ ಸರಾಸರಿ 1,100 ಹಡಗುಗಳಿಗೆ ಬೇಕಾಗುವ ನೀರು ಹೆಚ್ಚುವರಿಯಾಗಿ ಸಿಗುತ್ತದೆಂದು ಅಂದಾಜಿಸಿದ್ದರು. ದಿನಕ್ಕೆ ಮೂರು ಹಡಗು! ಅದೂ ಮಳೆ ಸರಾಸರಿಯಷ್ಟು ಬಂದರೆ. ಕಾಂಕ್ರೀಟಿಗೆ, ಉಕ್ಕಿಗೆ, ಅಗೆತಕ್ಕೆ ಕೋಟಿಗಟ್ಟಲೆ ಡಾಲರ್ ಹರಿದ ಯೋಜನೆಯಲ್ಲಿ ನೀರಿನ ಸಂಗ್ರಹಕ್ಕೆ ಸಿಕ್ಕ ಪಾಲು ಇಷ್ಟೇ.

ಇದರ ಜೊತೆಗೆ ಉಪ್ಪಿನ ಸಮಸ್ಯೆ ಸೇರಿಕೊಂಡಿತು. ಸಮುದ್ರದ ಕಡೆಯ ಗೇಟು ತೆರೆದಾಗಲೆಲ್ಲ ಭಾರವಾದ ಉಪ್ಪುನೀರು ಸಿಹಿನೀರಿನ ಅಡಿಯಲ್ಲಿ ನುಸುಳಿ ಒಳಬರುತ್ತದೆ. ಹಳೆಯ ಲಾಕ್‌ಗಳಲ್ಲಿ ಪ್ರತಿ ಸಲವೂ ಕೆರೆಯ ತಾಜಾ ನೀರು ಅದನ್ನು ಹೊರಕ್ಕೆ ತಳ್ಳುತ್ತಿತ್ತು. ಹೊಸದರಲ್ಲಿ ಉಪ್ಪು ಬೆರೆತ ನೀರನ್ನೇ ಕೊಳದಲ್ಲಿ ಹಿಡಿದಿಟ್ಟು ಮತ್ತೆ ಬಳಸುವುದರಿಂದ ಉಪ್ಪು ಮೆಟ್ಟಿಲೇರುತ್ತ ಕೆರೆಗೇ ಬರುತ್ತದೆ. ವಿಸ್ತರಣೆಯ ನಂತರ ಗಾಟುನ್ ಕೆರೆಯ ಉಪ್ಪಿನಂಶ ಹೆಚ್ಚಿದೆ. ಕುಡಿಯುವ ನೀರಿನ ಕೆರೆಯಾದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಉಪ್ಪು ತೊಳೆಯಬೇಕೆಂದರೆ ಕೊಳಗಳನ್ನು ಬಿಟ್ಟು ಕೆರೆಯ ನೀರನ್ನೇ ಧಾರಾಳವಾಗಿ ಹರಿಸಬೇಕು. ನೀರು ಉಳಿಸಬೇಕೆಂದರೆ ಉಪ್ಪನ್ನು ಸಹಿಸಬೇಕು. ಜನಮತಗಣನೆಯ ಕಾಲದಲ್ಲಿ ಜಲಾಶಯಕ್ಕೆ ಬದಲಿ ಎಂದು ಮುಂದಿಟ್ಟ ಆ ಸೊಗಸಾದ ಕೊಳಗಳನ್ನು ಎಷ್ಟು ಬಳಸಬಹುದೆಂಬುದು ಹೀಗೆ ಕೆರೆಯ ಆರೋಗ್ಯವನ್ನೇ ಅವಲಂಬಿಸಿದೆ.

2023ರಲ್ಲಿ ಎಲ್ ನಿನೊ ಬಂದಾಗ ಈ ಎಲ್ಲ ಸಾಲ ಒಮ್ಮೆಗೇ ವಸೂಲಿಗೆ ಬಂತು. ಆ ವರ್ಷದ ಅಕ್ಟೋಬರ್ ತಿಂಗಳು 1950ರಿಂದ ಇಟ್ಟ ಮಳೆ ದಾಖಲೆಯಲ್ಲೇ ಅತಿ ಒಣ ಅಕ್ಟೋಬರ್. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಕೆರೆ ತುಂಬಿಸಿಕೊಂಡು ಜನವರಿಯಿಂದ ಏಪ್ರಿಲ್‌ವರೆಗಿನ ಒಣಗಾಲ ಕಳೆಯುವುದು ಕಾಲುವೆಯ ವಾಡಿಕೆ. ತುಂಬಬೇಕಾದ ಹೊತ್ತಿನಲ್ಲೇ ಮಳೆ ಬರಲಿಲ್ಲ. ಮೊದಲು ಹಡಗುಗಳ ಮುಳುಗುವ ಆಳಕ್ಕೆ ಮಿತಿ ಹಾಕಿದರು. 50 ಅಡಿ ಇದ್ದದ್ದು 44 ಅಡಿಗೆ ಇಳಿಯಿತು. ಒಂದೊಂದು ಅಡಿ ಕಡಿತಕ್ಕೂ ನೂರಾರು ಕಂಟೇನರ್ ಕಡಿಮೆ ತುಂಬಬೇಕು. ಕೆಲವು ದೊಡ್ಡ ಹಡಗುಗಳು ಒಂದು ತೀರದಲ್ಲಿ ಸಾವಿರ ಚಿಲ್ಲರೆ ಕಂಟೇನರ್ ಇಳಿಸಿ, ಹಗುರಾಗಿ ಕಾಲುವೆ ದಾಟಿ, ರೈಲಿನಲ್ಲಿ ಬಂದ ಅದೇ ಕಂಟೇನರುಗಳನ್ನು ಆಚೆ ತೀರದಲ್ಲಿ ಮತ್ತೆ ಹೇರಿಕೊಂಡವು. ಆ ರೈಲುದಾರಿ 1855ರದ್ದು, ಕಾಲುವೆಗಿಂತ ಅರ್ಧ ಶತಮಾನ ಹಳೆಯದು. ಆಮೇಲೆ ಹಡಗುಗಳ ಸಂಖ್ಯೆಗೇ ಕತ್ತರಿ ಬಿತ್ತು. ದಿನಕ್ಕೆ 36ರಿಂದ ಇಳಿಯುತ್ತ 2023ರ ಡಿಸೆಂಬರಿಗೆ 22 ಆಯಿತು. ಗಾಟುನ್ ಅಣೆಕಟ್ಟಿನ ವಿದ್ಯುತ್ ಉತ್ಪಾದನೆ ನಿಲ್ಲಿಸಿದರು, ಹಳೆಯ ಲಾಕ್‌ಗಳಲ್ಲಿ ಪಕ್ಕಪಕ್ಕದ ತೊಟ್ಟಿಗಳ ನಡುವೆ ನೀರು ಅದಲುಬದಲು ಮಾಡಿದರು. 2024ರ ಸೆಪ್ಟೆಂಬರಿಗೆ ಮುಗಿದ ಆರ್ಥಿಕ ವರ್ಷದಲ್ಲಿ ದಾಟಿದ ದೊಡ್ಡ ಹಡಗುಗಳು 9,944. ಹಿಂದಿನ ವರ್ಷ ಅವು 12,638.

ಇದಕ್ಕೆ ಎರಡು ಆಕ್ಷೇಪ ಕೇಳಿಬರುತ್ತವೆ. ಮೊದಲನೆಯದು, ಅದೊಂದು ಅಪರೂಪದ ಬರ, ಮುಗಿಯಿತು. 2025ಕ್ಕೆ ಸಣ್ಣವೂ ಸೇರಿ ಹಡಗುಗಳ ಸಂಖ್ಯೆ ಮತ್ತೆ 13 ಸಾವಿರ ದಾಟಿದೆ, ಒಂದು ಕೆಟ್ಟ ವರ್ಷವನ್ನು ಹಿಡಿದು ಇಡೀ ಯೋಜನೆಯನ್ನು ಅಳೆಯಬಾರದು ಎಂಬುದು. ಅಪರೂಪ ಎಂಬ ಮಾತನ್ನು ದಾಖಲೆ ಒಪ್ಪುವುದಿಲ್ಲ. 1997–98ರ ಎಲ್ ನಿನೊದಲ್ಲೂ ಹಡಗಿನ ಆಳಕ್ಕೆ ಮಿತಿ ಹಾಕಿದ್ದರು. 2019ರಲ್ಲಿ ಮಳೆ ಎಷ್ಟು ಕಡಿಮೆಯಾಯಿತೆಂದರೆ 2020ರ ಫೆಬ್ರುವರಿಯಿಂದ ಹಡಗುಗಳ ಮೇಲೆ ಸಿಹಿನೀರಿನ ಶುಲ್ಕವನ್ನೇ ಹೊಸದಾಗಿ ಹೇರಿದರು. ಇನ್ನೊಂದು ತುದಿಯಲ್ಲಿ, 2010ರ ಡಿಸೆಂಬರಿನಲ್ಲಿ ಸುರಿದ ಮಳೆಗೆ ಕೆರೆ ಉಕ್ಕಿ ಕಾಲುವೆಯನ್ನೇ ಕೆಲವು ಗಂಟೆ ಮುಚ್ಚಬೇಕಾಯಿತು. 1989ರಲ್ಲಿ ಅಮೆರಿಕದ ಸೇನೆ ನುಗ್ಗಿದ ಮೇಲೆ ಕಾಲುವೆ ಮುಚ್ಚಿದ್ದು ಅದೇ ಮೊದಲು. ಬಂದಾಗ ಹಿಡಿದಿಡಲು ಜಾಗವಿಲ್ಲ, ಬಾರದಾಗ ತೆಗೆಯಲು ಗಂಟಿಲ್ಲ. ಸರಾಸರಿ ಮಳೆಯನ್ನು ನಂಬಿ ಕಟ್ಟಿದ ವ್ಯವಸ್ಥೆಗೆ ಸರಾಸರಿ ವರ್ಷವೇ ಸಿಗದಿದ್ದರೆ ಹೀಗಾಗುತ್ತದೆ. ಎರಡನೇ ಆಕ್ಷೇಪ ಇನ್ನೂ ಚುರುಕಾದದ್ದು. ಬರದ ವರ್ಷದಲ್ಲೂ ಕಾಲುವೆಯ ಆದಾಯ ಕುಸಿಯಲಿಲ್ಲ, ಹಿಂದಿನ ವರ್ಷದಂತೆಯೇ 500 ಕೋಟಿ ಡಾಲರಿನ ಸಮೀಪವೇ ಇತ್ತು. ಮತ್ತೆ ನಷ್ಟ ಎಲ್ಲಿ ಬಂತು? ನಷ್ಟ ಹಡಗಿನವರಿಗೆ ವರ್ಗವಾಯಿತು. ಹರಾಜು, ಸಿಹಿನೀರಿನ ಶುಲ್ಕ, ಏರಿಸಿದ ಸುಂಕ, ಇವೆಲ್ಲ ಕೊರತೆಯನ್ನೇ ಆದಾಯ ಮಾಡಿದವು. ಕೊಡಲು ಶಕ್ತಿಯಿದ್ದವರು ಕೊಟ್ಟರು. ಧಾನ್ಯದಂಥ ಅಗ್ಗದ ಸರಕಿನವರು ಆಫ್ರಿಕಾದ ತುದಿ ಸುತ್ತಿ ಹೋದರು. ಒಂದೆರಡು ವರ್ಷ ಇದು ನಡೆದೀತು. ಪದೇ ಪದೇ ನಡೆದರೆ ಸುತ್ತುದಾರಿಯೇ ರೂಢಿಯಾಗುತ್ತದೆ. ಆ ಭಯವಿಲ್ಲದಿದ್ದರೆ ಕಾಲುವೆಯ ಆಡಳಿತ ಹೊಸ ಅಣೆಕಟ್ಟಿನ ಹಿಂದೆ ಹೀಗೆ ಬೀಳುತ್ತಿರಲಿಲ್ಲ.

ಕಾಲುವೆಯನ್ನು ಹಿಗ್ಗಿಸುವವರು ಹಡಗನ್ನು ಅಳೆದು ಉಳಿದದ್ದನ್ನು ಬಿಡುವ ಚಾಳಿ ಪನಾಮಾದ್ದೊಂದೇ ಅಲ್ಲ. ಸೂಯೆಜ್‌ಗೆ ನೀರಿನ ಚಿಂತೆಯಿಲ್ಲ, ಸಮುದ್ರವೇ ಅದರ ಕೆರೆ. 2015ರ ಆಗಸ್ಟ್ 6ರಂದು ಈಜಿಪ್ಟ್ 35 ಕಿಲೋಮೀಟರ್ ಹೊಸ ದಾರಿಯನ್ನೂ 37 ಕಿಲೋಮೀಟರ್ ಆಳ ಮಾಡಿದ ದಾರಿಯನ್ನೂ ಒಂದೇ ವರ್ಷದಲ್ಲಿ ಮುಗಿಸಿ ತೆರೆಯಿತು. ಇದಕ್ಕೆ ಬೇಕಾದ 6,400 ಕೋಟಿ ಈಜಿಪ್ಟ್ ಪೌಂಡನ್ನು ಅಲ್ಲಿನ ಜನ ಎಂಟೇ ದಿನದಲ್ಲಿ ಪ್ರಮಾಣಪತ್ರ ಕೊಂಡು ಒದಗಿಸಿದರು. 2023ಕ್ಕೆ ವರಮಾನ 1,320 ಕೋಟಿ ಡಾಲರ್ ಆಗುತ್ತದೆಂದು ಸರ್ಕಾರ ಹೇಳಿತ್ತು; ಆ ಮಟ್ಟವನ್ನು ಅದು ಮುಟ್ಟಲೇ ಇಲ್ಲ. 2021ರ ಮಾರ್ಚಿನಲ್ಲಿ 25 ಮಂದಿ ಭಾರತೀಯ ಸಿಬ್ಬಂದಿಯಿದ್ದ 400 ಮೀಟರಿನ ‘ಎವರ್ ಗಿವನ್’ ಆರು ದಿನ ಅಡ್ಡವಾಗಿ ಸಿಕ್ಕಿಕೊಂಡದ್ದು 2015ರಲ್ಲಿ ಮುಟ್ಟದೆ ಬಿಟ್ಟಿದ್ದ ದಕ್ಷಿಣದ ಒಂಟಿದಾರಿಯಲ್ಲಿ. 2024ರಲ್ಲಿ ಯೆಮೆನ್ನಿನ ಹೂತಿಗಳ ದಾಳಿಗೆ ಹೆದರಿ ಹಡಗುಗಳು ದಿಕ್ಕು ಬದಲಿಸಿದಾಗ ವರಮಾನ 400 ಕೋಟಿ ಡಾಲರಿನ ಆಸುಪಾಸಿಗೆ ಬಿತ್ತು. ಅಲ್ಲಿನ ಇಕ್ಕಟ್ಟು ಕೆಂಪುಸಮುದ್ರದ ರಾಜಕೀಯದಲ್ಲಿತ್ತು, ಇಲ್ಲಿನದು ಮಳೆಯಲ್ಲಿ. ಹೂಳೆತ್ತುವ ಯಂತ್ರಕ್ಕೆ ಎರಡೂ ಸಿಗುವಂಥವಲ್ಲ.

ಈಗ ರಿಯೊ ಇಂಡಿಯೊ ವಿಷಯ. 2024ರ ಜುಲೈನಲ್ಲಿ ಪನಾಮಾದ ಸುಪ್ರೀಂ ಕೋರ್ಟ್ 2006ರ ರದ್ದತಿ ಕಾನೂನನ್ನು ಅಸಾಂವಿಧಾನಿಕವೆಂದು ಹೇಳಿತು. ಪಶ್ಚಿಮದ ನದಿಗಳು ಮತ್ತೆ ಕಾಲುವೆಯ ಜಲಾನಯನಕ್ಕೆ ಸೇರಿದವು. 2025ರ ಆರಂಭದಲ್ಲಿ ಕಾಲುವೆಯ ಆಡಳಿತ ಮಂಡಳಿ ಸುಮಾರು 160 ಕೋಟಿ ಡಾಲರಿನ ಅಣೆಕಟ್ಟಿಗೆ ಒಪ್ಪಿಗೆ ಕೊಟ್ಟಿತು. 4,600 ಹೆಕ್ಟೇರಿನ ಹೊಸ ಜಲಾಶಯ, ಅಲ್ಲಿಂದ ಗಾಟುನ್ ಕೆರೆಗೆ ಸುಮಾರು ಒಂಬತ್ತು ಕಿಲೋಮೀಟರ್ ಸುರಂಗ, ಎರಡು ಸಾವಿರಕ್ಕೂ ಹೆಚ್ಚು ಜನರ ಸ್ಥಳಾಂತರ. ಅದೇ ತಿಂಗಳುಗಳಲ್ಲಿ ಕಾಲುವೆಯನ್ನು ವಾಪಸು ಪಡೆಯುತ್ತೇವೆಂಬ ಡೊನಾಲ್ಡ್ ಟ್ರಂಪ್ ಮಾತಿನ ಗದ್ದಲದಲ್ಲಿ ಜಗತ್ತಿನ ಪತ್ರಿಕೆಗಳು ಈ ಹಳ್ಳಿಗಳನ್ನು ಹೆಚ್ಚು ಗಮನಿಸಲಿಲ್ಲ. ಅಣೆಕಟ್ಟಿನ ಪರ ವಾದಿಸುವವರ ಮಾತು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ದೇಶದ ಅರ್ಧ ಜನರ ಕುಡಿಯುವ ನೀರು ಮತ್ತು ದೇಶದ ಬಹುದೊಡ್ಡ ಆದಾಯ ಒಂದೇ ಕೆರೆಗೆ ಜೋತುಬಿದ್ದಿರುವಾಗ ಎರಡನೇ ಕೆರೆ ಬೇಡ ಎನ್ನುವುದು ಹೇಗೆ? ಎರಡು ಸಾವಿರ ಜನರಿಗೆ ಒಳ್ಳೆಯ ಪರಿಹಾರ ಕೊಟ್ಟರೆ ಆಗದೆ? ಆಗಬಹುದು. ಆದರೆ ಈ ಪ್ರಶ್ನೆಯನ್ನು ಕೇಳಬೇಕಾದದ್ದು 2006ರಲ್ಲಿ, ವಿಸ್ತರಣೆಯ ಜೊತೆಯಲ್ಲೇ. ವಿಸ್ತರಣೆಯ ನಿಜವಾದ ಬೆಲೆ ಗೇಟು ಮತ್ತು ಜಲಾಶಯ ಎರಡೂ ಸೇರಿದ್ದು ಎಂದು ಹೇಳಿ ಮತ ಕೇಳಿದ್ದರೆ ಜನ ಆಗಲೂ ಹೌದು ಎನ್ನುತ್ತಿದ್ದರೇನೋ. ಆದರೆ ಆಗ ರಿಯೊ ಇಂಡಿಯೊದ ರೈತರು ಚೌಕಾಸಿಯ ಮೇಜಿನಲ್ಲಿ ಕೂತಿರುತ್ತಿದ್ದರು. ಗೇಟು ಕಟ್ಟಿ, ಹಡಗುಗಳನ್ನು ಕರೆದು, ಆದಾಯಕ್ಕೆ ಒಗ್ಗಿಕೊಂಡ ಮೇಲೆ ಕೇಳಿದಾಗ ಬೇಡ ಎನ್ನುವ ಆಯ್ಕೆ ಅವರ ಕೈಯಲ್ಲಿ ಉಳಿದಿರುವುದಿಲ್ಲ.

ಹಾಗಾದರೆ ಈಗ ಏನು? ಸಮುದ್ರದ ನೀರನ್ನು ಸಿಹಿ ಮಾಡಿ ನಗರಗಳಿಗೆ ಕೊಡುವುದು, ಪೂರ್ವದ ಬಯಾನೊ ಜಲಾಶಯದಿಂದ ಪೈಪು ಎಳೆಯುವುದು ಮುಂತಾದ ದಾರಿಗಳ ಚರ್ಚೆ ಅಲ್ಲಿ ನಡೆದಿದೆ, ಎಲ್ಲವೂ ದುಬಾರಿ. ಅದಕ್ಕಿಂತ ಹತ್ತಿರದಲ್ಲಿರುವುದು ಪನಾಮಾ ಸಿಟಿಯ ನೀರಿನ ಕೊಳವೆಗಳು. ಶುದ್ಧೀಕರಿಸಿದ ನೀರಿನ ದೊಡ್ಡ ಪಾಲು ಅಲ್ಲಿ ಸೋರಿ ಹೋಗುತ್ತದೆ. ಸುಂಕದ ಹಣದಲ್ಲಿ ಆ ಕೊಳವೆ ರಿಪೇರಿ ಮಾಡುವುದರಲ್ಲಿ ಯಾರ ಮನೆಯೂ ಮುಳುಗುವುದಿಲ್ಲ. ಬರದ ವರ್ಷ ಕಲಿಸಿದ ಇನ್ನೊಂದು ವಿಷಯವೆಂದರೆ ಕಡಿಮೆ ಹಡಗು ದಾಟಿಸಿಯೂ ಕಾಲುವೆ ಅಷ್ಟೇ ಗಳಿಸಬಲ್ಲದು. ಹೆಚ್ಚು ಹಡಗು ಎಂಬ ಹಟವನ್ನು ತುಸು ಸಡಿಲಿಸಲು ಇದೇ ಪುರಾವೆ ಸಾಕು. ಇಷ್ಟೆಲ್ಲ ಮಾಡಿಯೂ ಅಣೆಕಟ್ಟು ಬೇಕೇಬೇಕು ಎಂದಾದರೆ, ಮುಳುಗುವ ಕಣಿವೆಯವರಿಗೆ ಒಂದು ಸಲದ ಪರಿಹಾರವಷ್ಟೇ ಅಲ್ಲದೆ ಅವರ ನೀರಿನಲ್ಲಿ ದಾಟುವ ಪ್ರತಿ ಹಡಗಿನ ಸುಂಕದಲ್ಲೂ ಕಾಯಂ ಪಾಲು ಬರೆದುಕೊಡಬೇಕು, ಅದೂ ಅಣೆಕಟ್ಟಿನ ಮೊದಲ ಕಲ್ಲು ಬೀಳುವ ಮುಂಚೆ. ಸರದಿಗೆ 40 ಲಕ್ಷ ಡಾಲರ್ ಕೊಡುವ ಗಿರಾಕಿಗಳಿರುವ ಕಾಲುವೆಗೆ ಅದು ಭಾರವಾಗದು.